ಹೋರಿ ಬಿಡುತ್ತಿದ್ದ ಯಜಮಾನರು

ಮನುಷ್ಯನಾಗಿ ಹುಟ್ಟಿದವನು ಉತ್ತರ ಹುಡುಕಲೇಬೇಕಾದ ಪ್ರಶ್ನೆಗಳು ಮೂರು ಎಂದು ತಿಳಿದವರು ಹೇಳುತ್ತಾರೆ: ಎಲ್ಲಿಂದ ಬಂದೆವು, ಏಕೆ ಬಂದೆವು, ಎಲ್ಲಿಗೆ ಹೋಗುತ್ತೇವೆ. ನಾನು ಬಲ್ಲ ಒಬ್ಬ ಹಿರಿಯರು ಈ ಮೂರನ್ನೂ ಕರುಗಳ ವಿಷಯದಲ್ಲಿ ಮಾತ್ರ ಕೇಳುತ್ತಿದ್ದರು. ಮೊದಲನೆಯದಕ್ಕೆ ತಂದೆಯ ಹೆಸರು, ತಿಂಗಳು, ಪಕ್ಷ ಸಹಿತ ಉತ್ತರ ಸಿಗದಿದ್ದರೆ ಅವತ್ತು ಅವರಿಗೆ ಮುದ್ದೆ ಇಳಿಯುತ್ತಿರಲಿಲ್ಲ.

ಅವರು ತೀರಿಕೊಂಡರೆಂದು ಹೋದ ವಾರ ನರಸೀಪುರದ ಕಡೆಯಿಂದ ಹುಣಸೆಹಣ್ಣು ತರುವ ಗಾಡಿಯವನು ಹೇಳಿದ. ಮಗಳ ಮನೆಯ ಜಗಲಿಯಲ್ಲಿ ಕುಳಿತಿದ್ದವರು, "ಯಾಕೋ ಸರಿಯಿಲ್ಲ" ಎಂದು ಗೋಡೆಗೆ ಒರಗಿದರಂತೆ. ಮನೆಯವರು ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲವಂತೆ. ಮನೆಯವರಲ್ಲಿ ತಪ್ಪು ಹಿಡಿಯುವಂತಿಲ್ಲ. ಅರವತ್ತು ವರ್ಷದಿಂದ ದಿನಕ್ಕೆ ಹತ್ತು ಸಲ ಈ ಹಿರಿಯರು ಆಡುತ್ತಿದ್ದ ಮಾತು ಅದು. ಅವತ್ತು ಮಾತ್ರ ಅದು ನಿಜವಾಗಿತ್ತು.

ಕವಲಂದೆಯ ಆಚೆ ನಮ್ಮ ಜೋಡಿದಾರರಿಗೆ ಒಂದು ಕಾವಲು ಇತ್ತು. ಕಾವಲು ಎಂದರೆ ದನ ಮೇಯಲು ಬಿಟ್ಟ ಬಯಲು. ಅಲ್ಲಿ ಎಂಬತ್ತರ ಮೇಲೆ ಹಳ್ಳಿಕಾರ್ ಹಸುಗಳು. ಜೋಡಿದಾರರು, ಎಂದರೆ ಆ ಇನಾಮು ಜಮೀನಿನ ಒಡೆಯರು, ಮೈಸೂರಿನಲ್ಲಿ ವಾಸ. ಬೀದಿಗೆ ವಿದ್ಯುದ್ದೀಪ ಬಂದ ಹೊಸತರಲ್ಲಿ, ಆ ದೀಪವನ್ನು ತಾವೇ ಹಚ್ಚಿದವರಂತೆ ಓಡಾಡುತ್ತಿದ್ದರು. ಕಾವಲಿನ ಸಂಗತಿಯನ್ನು ವಾರಕ್ಕೊಂದು ಕಾಗದದಲ್ಲಿ ಅವರಿಗೆ ತಿಳಿಸಲು ನನ್ನನ್ನು ಗುಮಾಸ್ತನಾಗಿ ಕಳಿಸಿದರು. ನನಗಾಗ ಇಪ್ಪತ್ತೆರಡು ವರ್ಷ. ಹಸುವಿಗೂ ಎತ್ತಿಗೂ ಇರುವ ವ್ಯತ್ಯಾಸ ತಿಳಿದಿತ್ತು. ಅದಕ್ಕಿಂತ ಹೆಚ್ಚಿಗೆ ತಿಳಿದಿರಲಿಲ್ಲ. ಆ ದನದ ಹಟ್ಟಿಗೆ ಯಜಮಾನರು, ಈಗ ತೀರಿಕೊಂಡ ಈ ಹಿರಿಯರು. ಎತ್ತರದ ಆಳು, ಒಣಕಲು ಮೈ, ಹಣೆಯಲ್ಲಿ ವಿಭೂತಿ, ಹೆಗಲ ಮೇಲೆ ಬೇಸಿಗೆಯಲ್ಲೂ ಕಂಬಳಿ. ನಾಲ್ಕು ಹೆಜ್ಜೆಗೊಮ್ಮೆ ಹಿಂತಿರುಗಿ ನೋಡುತ್ತಿದ್ದರು. ಯಾರಾದರೂ ಬರುತ್ತಿದ್ದಾರೆಯೇ ಎಂದು ನಾನೂ ಮೊದಮೊದಲು ತಿರುಗಿ ನೋಡುತ್ತಿದ್ದೆ. ಯಾರೂ ಇರುತ್ತಿರಲಿಲ್ಲ.

ನಾನು ಹೋದ ಮೂರನೆಯ ದಿನ ಸಂಜೆ ನನ್ನ ಗುಡಿಸಲ ಮುಂದೆ ಬಂದು ಬಹಳ ಹೊತ್ತು ನಿಂತರು. ಏನಾಯಿತು ಎಂದು ಕೇಳಿದೆ.

"ಇವತ್ತು ಏನೂ ಆಗ್ನಿಲ್ಲ ಕಣ್ರೀ ಗುಮಾಸ್ತ್ರೇ," ಎಂದರು. "ಅದೇ ನಂಗೆ ದಿಗಿಲು."

ಅವರ ವರ್ಷಕ್ಕೆ ಎರಡೇ ಮುಖ್ಯ ದಿನಗಳು. ಬಲಿಪಾಡ್ಯಮಿಯ ದಿನ ಹೋರಿಗಳನ್ನು ಹಸುಗಳ ನಡುವೆ ಬಿಡುವುದು. ಸಂಕ್ರಾಂತಿಯ ದಿನ ಕಿಚ್ಚು ಹಾಯಿಸಿದ ಮೇಲೆ ಹಿಡಿದು ಆಚೆಗೆ ಕಳಿಸುವುದು. ಉಳಿದ ಒಂಬತ್ತು ತಿಂಗಳು ಹೋರಿಗಳು ಕಪಿಲೆಯ ಆಚೆ, ತಿರುಮಕೂಡಲಿನ ಹತ್ತಿರ ಜೋಡಿದಾರರ ತೋಟದಲ್ಲಿ ತಿಂದುಕೊಂಡು ಇರತಕ್ಕದ್ದು. ನಡುವೆ ಒಂದು ಹೊಳೆ, ಒಂದು ದಿನದ ದಾರಿ. ಅಷ್ಟು ದೂರವೂ ಯಜಮಾನರಿಗೆ ಸಾಲದು. ಗಾಳಿ ಆ ಕಡೆಯಿಂದ ಬೀಸಿದ ದಿನ ಹಸುಗಳ ಮುಖ ನೋಡಿ ಹುಬ್ಬು ಗಂಟಿಕ್ಕುತ್ತಿದ್ದರು.

ಇದರ ಲೆಕ್ಕಾಚಾರ ಸರಳ. ಕಾರ್ತೀಕದಲ್ಲಿ ಹೋರಿ ಕೂಡಿದ ಹಸು ಶ್ರಾವಣದಲ್ಲಿ ಈಯುತ್ತದೆ. ಆಗ ಕಾವಲಿನಲ್ಲಿ ಮೊಣಕಾಲುದ್ದ ಹುಲ್ಲು, ಕಟ್ಟೆಯಲ್ಲಿ ನೀರು, ಕೆಚ್ಚಲಲ್ಲಿ ಹಾಲು. ಮೊದಲ ಮಳೆ ಬಿದ್ದು ಹಸಿರು ಚಿಗುರುವ ಜ್ಯೇಷ್ಠದಲ್ಲೂ ಹಸುಗಳು ಬೆದೆಗೆ ಬರುತ್ತವೆ. ಆಗ ಹೋರಿ ಸಿಕ್ಕಿತೋ, ಕರು ಬೀಳುವುದು ಫಾಲ್ಗುಣದಲ್ಲಿ. ಫಾಲ್ಗುಣದಲ್ಲಿ ನಮ್ಮ ಕಾವಲಿನಲ್ಲಿ ಕಲ್ಲು ಮಾತ್ರ ಹಸಿಯಾಗಿ ಕಾಣುತ್ತಿತ್ತು, ಅದೂ ಬೆಳಗಿನ ಇಬ್ಬನಿಯಿಂದ.

ಈ ನಿಯಮ ಅವರು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ. ಅವರು ಆ ಕಾವಲಿಗೆ ಬಂದ ಮೊದಲ ವರ್ಷ ಹೋರಿ ಹಸು ಎಲ್ಲ ಒಟ್ಟಿಗೆ ಮೇಯುತ್ತಿದ್ದವು. ಆ ಫಾಲ್ಗುಣದಲ್ಲಿ ಹುಟ್ಟಿದ ಹನ್ನೊಂದು ಕರುಗಳಿಗೆ ತಾಯಂದಿರಲ್ಲಿ ಹಾಲಿರಲಿಲ್ಲ. ಹನ್ನೊಂದು ಗುಂಡಿಗಳನ್ನು ಅವರೇ ಅಗೆದರು. ಇದನ್ನು ನನಗೆ ಹೇಳಿದ್ದು ಅವರ ಹೆಂಡತಿ. ಯಜಮಾನರು ಆ ವಿಷಯ ಎತ್ತುತ್ತಿರಲಿಲ್ಲ. ಕಟ್ಟೆಗೆ ಹೋಗುವಾಗ ಹೊಂಗೆಮರಗಳ ಕೆಳಗಿನ ಹತ್ತಿರದ ದಾರಿ ಬಿಟ್ಟು ಬಳಸಿಕೊಂಡು ಹೋಗುತ್ತಿದ್ದರು, ಅಷ್ಟೇ. ಅಲ್ಲಿ ಹನ್ನೊಂದು ಕಲ್ಲುಗಳಿದ್ದವು. ನಾನು ಮೊದಲು ಅವನ್ನು ಯಾರೋ ಒಲೆ ಹೂಡಲು ತಂದಿಟ್ಟ ಗುಂಡುಕಲ್ಲು ಎಂದುಕೊಂಡಿದ್ದೆ.

ಹೋರಿ ಆರಿಸುವಾಗ ಅವರನ್ನು ನೋಡಬೇಕು. ಒಮ್ಮೆ ಜೋಡಿದಾರರು ದೊಡ್ಡ ಕೊಂಬಿನ ಹೋರಿಯೊಂದನ್ನು ಮೆಚ್ಚಿ ಕರೆತಂದರು. ನಡೆದರೆ ಮೆರವಣಿಗೆಯ ಹಾಗಿತ್ತು. ಯಜಮಾನರು ಅದರ ಮುಂದೆ ನಿಲ್ಲಲೇ ಇಲ್ಲ. ಹಿಂದಿನಿಂದ ಒಂದು ಸುತ್ತು ಹಾಕಿ, ಗೊರಸು ನೋಡಿ, ಇದರ ಅವ್ವ ಎಂಥವಳು, ಎಷ್ಟು ಸೂಲು ಹಾಕಿದಳು, ಕರುವಿಗೆ ಹಾಲು ಬಿಡುತ್ತಿದ್ದಳೋ ಇಲ್ಲ ಒದೆಯುತ್ತಿದ್ದಳೋ ಎಂದು ವಿಚಾರಿಸಿದರು. ತಂದವನಿಗೆ ಗೊತ್ತಿರಲಿಲ್ಲ. ಹೋರಿ ಬಂದ ದಾರಿಯಲ್ಲೇ ಹಿಂದಿರುಗಿತು. ಒಳಗಿನಿಂದ ಅವರ ಹೆಂಡತಿ ನನಗೆ ಕೇಳಿಸುವಂತೆ ಹೇಳಿದರು:

"ನಮ್ಮ ಮಗೀಗೆ ಗಂಡು ನೋಡಾಗ ಇಷ್ಟು ಇಚಾರಿಸಿದ್ರೆ ಅವ್ಳಿಗೆ ಅಂಥ ಅತ್ತೆ ಸಿಕ್ತಿರ್ನಿಲ್ಲ."

ಯಜಮಾನರು, ಅದೂ ನಿಜವೇ, ಎಂದು ತಮ್ಮಷ್ಟಕ್ಕೆ ಒಪ್ಪಿಕೊಂಡರು.

ಇಷ್ಟು ಎಚ್ಚರದ ಮನುಷ್ಯರಿಗೆ ಕಷ್ಟ ಬಂದದ್ದು ದೇವರ ಕಡೆಯಿಂದ.

ಕಾವಲಿನ ಪಕ್ಕದ ಊರಿನಲ್ಲಿ ಯಾರೋ ಹರಕೆ ಹೊತ್ತು ಈಶ್ವರನ ಗುಡಿಗೆ ಒಂದು ಗಂಡುಕರು ಬಿಟ್ಟಿದ್ದರು. ತೊಡೆಯ ಮೇಲೆ ತ್ರಿಶೂಲದ ಮುದ್ರೆ. ಮೂರು ವರ್ಷದಲ್ಲಿ ಅದು ಊರಿನ ಎಲ್ಲರ ರಾಗಿ ತಿಂದು ಬೆಳೆದಿತ್ತು. ಗಿಡ್ಡ ಕಾಲು, ಜಗ್ಗಿದ ಬೆನ್ನು, ಒಂದು ಕೊಂಬು ಆಕಾಶಕ್ಕೆ, ಇನ್ನೊಂದು ಭೂಮಿಗೆ. ಆದರೆ ಬಸವ. ಅವನಿಗೆ ಮೂಗುದಾರವಿಲ್ಲ, ಕಟ್ಟುವಂತಿಲ್ಲ, ಹೊಡೆಯುವಂತಿಲ್ಲ. ಹೊಲಕ್ಕೆ ನುಗ್ಗಿದರೆ ಹೊಲದವನು ಕೈಮುಗಿದು, ಸಾಕು ಹೋಗಪ್ಪ, ಎನ್ನಬಹುದು. ಅವನಿಗೆ ಸಾಕೆನಿಸಿದಾಗ ಹೋಗುತ್ತಿದ್ದ.

ಆ ಚೈತ್ರದಲ್ಲಿ ಬಸವ ನಮ್ಮ ಎಲ್ಲೆಕಲ್ಲಿನ ಹತ್ತಿರ ಕಾಣಿಸಿಕೊಂಡ. ಯಜಮಾನರ ನಿದ್ದೆ ಹೋಯಿತು. ಊರಿಗೆ ಹೋಗಿ ಪಟೇಲರನ್ನು ಕಂಡು, ಮಳೆಗಾಲ ಕಳೆಯುವವರೆಗೆ ಬಸವನನ್ನು ಗುಡಿಯ ಅಂಗಳದಲ್ಲಿ ಕಟ್ಟಿಹಾಕಿ ಎಂದು ಬೇಡಿಕೊಂಡರು. ನಾನೂ ಜೊತೆಗಿದ್ದೆ.

"ದೇವ್ರನ್ನ ಕಟ್ಟಾಕಿ ಅಂತೀರಾ ಯಜಮಾನ್ರೇ?" ಎಂದರು ಪಟೇಲರು. "ನೀವೂ ಈಬೂತಿ ಹಚ್ಚೋರು. ನಿಮ್ಮ ಬಾಯಲ್ಲಿ ಇಂಥ ಮಾತಾ?"

ಯಜಮಾನರಿಗೆ ಆ ಮಾತು ತಟ್ಟಿತು. ದಾರಿಯುದ್ದಕ್ಕೂ, ಪಟೇಲರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ ಎಂದು ನನಗೆ ಹೇಳಿ ಹೇಳಿ ಇನ್ನಷ್ಟು ಕಳವಳಪಟ್ಟರು. ಬೀಜ ಒಡೆಸಿ ಎತ್ತು ಮಾಡಿಬಿಟ್ಟರೆ ಆಯಿತಲ್ಲ ಎಂದು ನಾನು ಪಟ್ಟಣದ ಬುದ್ಧಿ ತೋರಿಸಿದೆ. ಅವರು ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡು ಎರಡೂ ಕಿವಿ ಮುಚ್ಚಿಕೊಂಡರು. ಹಟ್ಟಿ ಸೇರುವವರೆಗೂ ಕಂಬಳಿ ತೆಗೆಯಲಿಲ್ಲ.

ಕೊನೆಗೆ ಅವರೇ ಒಂದು ಉಪಾಯ ಹುಡುಕಿದರು. ದೇವರನ್ನು ತಡೆಯಲಾಗದು, ಕೇಳಿಕೊಳ್ಳಬಹುದು. ದಿನಾ ಮಧ್ಯಾಹ್ನ ಎಲ್ಲೆಕಲ್ಲಿನ ಬಳಿಗೆ ಹೋಗಿ ಬಸವನಿಗೆ ರಾಗಿರೊಟ್ಟಿಯನ್ನೂ ಒಂದು ಹಿಡಿ ಬೆಲ್ಲವನ್ನೂ ಕೈಯಾರೆ ತಿನ್ನಿಸಿ, ಕೊರಳು ತುರಿಸಿ, "ಇಲ್ಲಿಂದ ಈಚೆ ಬರಬ್ಯಾಡ ನನ್ನಪ್ಪ" ಎಂದು ಹೇಳಿ ಬರುವುದು. ಬಸವ ಮಾತು ಕೇಳಿದ. ಎರಡು ತಿಂಗಳು ಕಲ್ಲು ದಾಟಲಿಲ್ಲ. ಹೊತ್ತಿಗೆ ಸರಿಯಾಗಿ ಬಂದು ನಿಲ್ಲುತ್ತಿದ್ದ, ತಿನ್ನುತ್ತಿದ್ದ, ತಿರುಗುತ್ತಿದ್ದ. ಭಕ್ತಿ ಕೆಲಸಕ್ಕೆ ಬರುತ್ತದೆ ಎಂದು ನಾನು ಜೋಡಿದಾರರಿಗೆ ಕಾಗದದಲ್ಲಿ ಬರೆದೆ. ಬೆಲ್ಲವೂ ಕೆಲಸ ಮಾಡುತ್ತಿದೆ ಎಂಬುದು ಹೊಳೆಯಲಿಲ್ಲ.

ರೋಹಿಣಿ ಮಳೆ ಚೆನ್ನಾಗಿ ಬಿತ್ತು. ಕಾವಲು ಹಸಿರಾಯಿತು, ಹಸುಗಳು ಬೆದೆಗೆ ಬರತೊಡಗಿದವು. ಯಜಮಾನರು ಇನ್ನಷ್ಟು ಎಚ್ಚರವಾಗಿ, ಬೆದೆಗೆ ಬಂದವನ್ನು ಮಂದೆಯಿಂದ ಬೇರೆ ಮಾಡಿ, ಗುಡಿಸಲುಗಳ ಪಕ್ಕದಲ್ಲೇ ಮುಳ್ಳುಬೇಲಿಯ ರೊಪ್ಪದಲ್ಲಿ ಕೂಡುತ್ತಿದ್ದರು. ಆ ಸೋಮವಾರ ರೊಪ್ಪದಲ್ಲಿ ಐದು ಹಸುಗಳಿದ್ದವು. ಮಂದೆ ಕಾಯುವ ಆಳುಗಳಿಬ್ಬರು ಉಳಿದ ದನದೊಂದಿಗೆ ಕಾವಲಿನ ಆ ತುದಿಗೆ ಹೋಗಿದ್ದರು. ಯಜಮಾನರು ಹೆಂಡತಿಯೊಡನೆ ಗಾಡಿ ಕಟ್ಟಿಸಿಕೊಂಡು ನಂಜನಗೂಡಿಗೆ ಹೊರಟರು. ಕಪಿಲೆಯಲ್ಲಿ ಮುಳುಗಿ, ಬಸವ ಇನ್ನು ಒಂದು ತಿಂಗಳು ಹೀಗೇ ಇರಲಿ ಎಂದು ನಂಜುಂಡನಿಗೆ ಹಣ್ಣುಕಾಯಿ ಮಾಡಿಸುವುದು ಅವರ ಮನಸ್ಸಿನಲ್ಲಿತ್ತು. ಹೊರಡುವ ಮುಂಚೆ ರೊಟ್ಟಿ ಬೆಲ್ಲದ ಗಂಟನ್ನು ನನ್ನ ಕೈಗಿಟ್ಟು, ಕಲ್ಲಿನ ಹತ್ತಿರವೇ ಕೊಡಬೇಕು, ಮಧ್ಯಾಹ್ನ ತಪ್ಪಬಾರದು ಎಂದು ಮೂರು ಸಲ ಹೇಳಿದರು. ಗಾಡಿಯಿಂದ ತಿರುಗಿ ನೋಡಿ ನಾಲ್ಕನೆಯ ಸಲ ಹೇಳಿದರು.

ಮಧ್ಯಾಹ್ನದ ಹೊತ್ತಿಗೆ ತುಂತುರು ಹನಿಯುತ್ತಿತ್ತು. ಎಲ್ಲೆಕಲ್ಲಿಗೆ ಅರ್ಧ ಮೈಲಿ, ಅದೂ ಕೆಸರು. ದೇವರು ಒಂದು ದಿನ ಬೆಲ್ಲವಿಲ್ಲದೆ ಇರಬಲ್ಲನೆಂದು ನಾನು ತೀರ್ಮಾನಿಸಿದೆ. ತೀರ್ಮಾನಿಸಿ, ಬೆಲ್ಲದಲ್ಲಿ ಒಂದು ಚೂರನ್ನು ನಾನೇ ಬಾಯಿಗೆ ಹಾಕಿಕೊಂಡೆ.

ಸ್ವಲ್ಪ ಹೊತ್ತಿಗೆ ಗುಡಿಸಲ ಬಾಗಿಲು ಕತ್ತಲಾಯಿತು. ನೋಡಿದರೆ ಬಸವ. ಯಜಮಾನರ ಹೆಜ್ಜೆಯ ದಾರಿ ಹಿಡಿದು ಊಟ ಹುಡುಕಿಕೊಂಡು ಬಂದಿದ್ದ. ಗಂಟನ್ನು ಕೊಟ್ಟೆ. ತಿಂದ. ಆಮೇಲೆ ಮೂತಿ ಎತ್ತಿ ಗಾಳಿ ಮೂಸಿದ. ರೊಪ್ಪದ ಕಡೆ ನಡೆದ. ಅದರ ಬಾಯಿಗೆ ಅಡ್ಡ ಇಟ್ಟಿದ್ದ ಮುಳ್ಳುಕಂಪೆಯನ್ನು ಕೆಳಮುಖದ ಕೊಂಬಿನಿಂದ ಮೀಟಿದ. ಆ ಕೊಂಬನ್ನು ದೇವರು ಅದಕ್ಕೆಂದೇ ಬಗ್ಗಿಸಿದ್ದನೆಂದು ಅವತ್ತು ತಿಳಿಯಿತು.

ನನ್ನ ಕೈಯಲ್ಲಿ ಕೋಲಿತ್ತು. ಎತ್ತಿಯೂ ಎತ್ತಿದೆ. ತೊಡೆಯ ಮೇಲಿನ ತ್ರಿಶೂಲ ಕಣ್ಣಿಗೆ ಬಿತ್ತು. ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೈಮುಗಿದೆ.

ಸಂಜೆ ಯಜಮಾನರು ಪ್ರಸಾದ ಹಿಡಿದುಕೊಂಡು ಗಾಡಿಯಿಂದ ಇಳಿದಾಗ ಬಸವ ಐದು ಹಸುಗಳ ನಡುವೆ ಮಲಗಿ ಮನೆ ಅಳಿಯನ ಹಾಗೆ ಮೆಲುಕು ಹಾಕುತ್ತಿದ್ದ. ಅವರು ಬಯ್ಯಲಿಲ್ಲ. ರೊಪ್ಪದ ಬಾಯಲ್ಲಿ ಕುಕ್ಕರುಗಾಲಿನಲ್ಲಿ ಕೂತರು. ಒಂದೇ ಮಾತು ಕೇಳಿದರು:

"ಕಲ್ಲತ್ರ ಓಗ್ನಿಲ್ವಾ?"

ಇಲ್ಲ ಎಂದೆ. ಅವರು ಪ್ರಸಾದದ ಹೂವನ್ನು ನನಗೂ ಕೊಟ್ಟು, ತಾವೂ ಕಣ್ಣಿಗೊತ್ತಿಕೊಂಡು, ಬಸವನಿಗೆ ಕೈಮುಗಿದು ಹೊರಗೆ ಕರೆದುಕೊಂಡು ಹೋದರು. ಅವನು ಕುರಿಯ ಹಾಗೆ ಅವರ ಹಿಂದೆ ನಡೆದ.

ಮಾರನೆಯ ದಿನ ಜೋಡಿದಾರರಿಗೆ ಕಾಗದ ಬರೆಸಿದರು. ಬಚ್ಚಿಡೋಣ ಎಂಬ ಯೋಚನೆ ನನಗೆ ಬಂದಿತ್ತು, ಅವರಿಗೆ ಬರಲಿಲ್ಲ. ತಾನು ದಿನಾ ಬೆಲ್ಲ ಕೊಟ್ಟು ಅಭ್ಯಾಸ ಮಾಡಿಸಿದೆ, ಬೆದೆಯ ಹಸುಗಳನ್ನು ಒಂದೇ ಕಡೆ ಕೂಡಿದೆ, ಬಸವ ಬಂದ, ತಪ್ಪು ತನ್ನದು ಎಂದು ಹೇಳಿ ಬರೆಸಿದರು. ನಾನು ಲೇಖನಿ ಕೆಳಗಿಟ್ಟು, ನನ್ನದೂ ಸೇರಿಸುತ್ತೇನೆ ಎಂದೆ.

"ಬ್ಯಾಡಿ," ಎಂದರು. "ಇಬ್ರೂ ಕೆಲ್ಸ ಬಿಟ್ಟು ಓದ್ರೆ ಈ ದನಾ ನೋಡಾರು ಯಾರು? ನಂಗೆ ಬರೆಯಾಕೆ ಬರಾಕಿಲ್ಲ, ಇನ್ನು ಕಲಿಯಾ ವಯಸ್ಸೂ ಅಲ್ಲ. ನಿಮ್ಗೆ ದನಾ ನೋಡಾಕೆ ಬರಾಕಿಲ್ಲ, ಕಲ್ತ್ಕೋಬೋದು."

ನಾನು ಲೇಖನಿ ಎತ್ತಿಕೊಂಡೆ. ಬೇಗನೆ ಎತ್ತಿಕೊಂಡೆ ಎಂಬುದನ್ನೂ ಇಲ್ಲಿ ಹೇಳಬೇಕು.

ಎಂಟು ದಿನಕ್ಕೆ ಉತ್ತರ ಬಂತು. ಫಾಲ್ಗುಣದವರೆಗೆ ನೋಡಲಾಗುವುದು, ಒಂದು ಕರು ನಷ್ಟವಾದರೂ ಯಜಮಾನರು ತಮ್ಮ ಜಾಗವನ್ನು ತಾವು ನೋಡಿಕೊಳ್ಳತಕ್ಕದ್ದು. ನಾನು ಓದಿ ಹೇಳಿದೆ. ಇನ್ನೊಂದು ಸಲ ಓದಿಸಿದರು. ಅವರಿಗೆ ಆ ಹಟ್ಟಿ ಬಿಟ್ಟರೆ ಸ್ವಂತದ್ದೆಂದು ಒಂದು ಸೂರಿರಲಿಲ್ಲ. ಮಗಳ ಮನೆಗೆ ಹೋಗುವುದೆಂದರೆ, ವಿಚಾರಿಸದೆ ತಂದ ಆ ಬೀಗಿತ್ತಿಯ ಕೈಯಲ್ಲಿ ಮುದ್ದೆ ತಿನ್ನುವುದು. ಆದರೆ ಅವರು ಕೇಳಿದ್ದು ಅದನ್ನಲ್ಲ. "ಕರು ನಷ್ಟ ಅಂದವ್ರೆ, ಅಲ್ವಾ? ಕರು ಉಳೀಬೇಕು ಅಂತ ಅವ್ರಿಗೂ ಐತೆ," ಎಂದು ಅದರಲ್ಲೇ ಒಂದಿಷ್ಟು ಸಮಾಧಾನ ಹುಡುಕಿಕೊಂಡರು.

ಆಮೇಲಿನ ಒಂಬತ್ತು ತಿಂಗಳಷ್ಟು ಉದ್ದದ ಕಾಲವನ್ನು ನಾನು ಮತ್ತೆ ಕಂಡಿಲ್ಲ. ಹಗ್ಗವೊಂದನ್ನು ಗುಡಿಸಲ ಕಂಬಕ್ಕೆ ಕಟ್ಟಿ ಸೋಮವಾರಕ್ಕೊಂದು ಗಂಟು ಹಾಕಿದರು. ಮೂರು ಗಂಟಾದಾಗ ಐದರಲ್ಲಿ ಒಂದು ಹಸು ಮತ್ತೆ ಬೆದೆಗೆ ಬಂತು. ಅಂದರೆ ಅದಕ್ಕೆ ಗಬ್ಬ ನಿಂತಿಲ್ಲ. ಯಜಮಾನರು ಅವತ್ತು ನಕ್ಕರು. ಮಿಕ್ಕ ನಾಲ್ಕು ಬರಲಿಲ್ಲ: ಕೆಂಪಿ, ಕವಲಿ, ಮುದುಕಿ, ಚೊಚ್ಚಲ ಗಬ್ಬದ ಬೆಳ್ಳಿ. ಅವರು ಬೆಳಗಿನ ಹೊತ್ತು ಬೆಳ್ಳಿಯ ಹೊಟ್ಟೆಗೆ ಕಿವಿಯಿಟ್ಟು ನಿಲ್ಲುವರು. ಏನು ಕೇಳಿಸಿತು ಎಂದರೆ, ಏನೂ ಇಲ್ಲ ಎನ್ನುವರು. ಕೇಳಿಸದಿದ್ದರೆ ಒಂದು ದಿಗಿಲು, ಕೇಳಿಸಿದರೆ ಇನ್ನೊಂದು. ದೀಪಾವಳಿಗೆ ಹೋರಿಗಳು ನಂಜನಗೂಡಿನ ಸೇತುವೆ ದಾಟಿ ಬಂದವು. ಬೇರೆ ವರ್ಷಗಳಲ್ಲಿ ಅದು ಹಬ್ಬ. ಆ ವರ್ಷ ಅವರು ಹೋರಿಗಳ ಕಡೆ ಕಣ್ಣು ಹಾಯಿಸಿ, ಇವಕ್ಕೆ ಸುದ್ದಿ ಗೊತ್ತಾಗಿರಬಹುದೇ ಎನ್ನುವ ಹಾಗೆ ನಿಂತಿದ್ದರು.

ಕಾರ್ತೀಕ ಮುಗಿಯುವ ಹೊತ್ತಿಗೆ, ಊರಿನಲ್ಲಿ ರಾಗಿ ಕೊಯ್ಲು ನಡೆಯುತ್ತಿದ್ದಾಗ, ಅವರು ತಲೆಗೆ ಪೇಟ ಸುತ್ತಿಕೊಂಡು ಪಟೇಲರ ಜಗಲಿಗೆ ಹೊರಟರು. ಅವರು ಪೇಟ ಸುತ್ತಿದ್ದನ್ನು ನಾನು ಅದೊಂದೇ ಸಲ ಕಂಡದ್ದು. ಹತ್ತಾರು ಜನ ಕೂತಿದ್ದರು. ಇವರು ನಿಂತೇ ಹೇಳಿದರು:

"ನಿಮ್ಮ ಬಸವನ ಮಕ್ಳು ನಾಕು ಬತ್ತಾವೆ, ಪಾಲ್ಗುಣದಲ್ಲಿ. ನಮ್ಮ ಕಾವಲಲ್ಲಿ ಆಗ ಕಡ್ಡಿ ಇರಾಕಿಲ್ಲ. ತಾಯಿ ಕಡೆಯೋರು ನಾವಿದೀವಿ. ತಂದೆ ಕಡೆಯೋರು ಏನ್ ಮಾಡ್ತೀರಿ ಅಂತ ಏಳಿ."

ದೇವರಿಗೆ ಮಕ್ಕಳಾದರೆ ಊರಿನ ಮೇಲೆ ಹೊಣೆ ಬರುತ್ತದೆಯೇ ಎಂಬ ಬಗ್ಗೆ ಗಂಭೀರ ಚರ್ಚೆಯಾಯಿತು. ಒಬ್ಬರು ಬರುತ್ತದೆ ಎಂದರು, ಒಬ್ಬರು ಶಾಸ್ತ್ರ ಕೇಳಬೇಕು ಎಂದರು. ಬಾಗಿಲ ಹಿಂದೆ ನಿಂತಿದ್ದ ಪಟೇಲರ ತಾಯಿ ಶಾಸ್ತ್ರವನ್ನು ಮುಗಿಸಿದರು:

"ಕೊಡ್ದೆ ಏನ್ಮಾಡೀರ್ಲಾ? ಬೀಗ್ರು ಪೇಟ ಸುತ್ಕೊಂಡು ಬಾಗ್ಲಿಗೆ ಬಂದವ್ರೆ."

ಹೀಗೆ ಊರಿನ ಮನೆಮನೆಯಿಂದ ರಾಗಿಹುಲ್ಲಿನ ಹೊರೆಗಳು ಕಾವಲಿಗೆ ಬಂದವು. ಫಾಲ್ಗುಣ ಹುಟ್ಟಿದ ಮೇಲೆ ಹೆಂಗಸರು ಅಕ್ಕಚ್ಚು, ಹಿಂಡಿ, ಬೇಯಿಸಿದ ಹುರುಳಿ ಹೊತ್ತು ತಂದು, ಬಾಣಂತಿಯರು ಹೇಗಿದ್ದಾರೆ, ನಮ್ಮ ಕಡೆಯ ಮೂಗು ಬಂದಿದೆಯೇ ಎಂದು ತಮಾಷೆ ಮಾಡಿ ಹೋಗುತ್ತಿದ್ದರು. ಯಜಮಾನರು ನಗುತ್ತಿರಲಿಲ್ಲ. ಅವರು ಊಟ ಬಿಟ್ಟಿದ್ದರು ಎಂದರೂ ನಡೆಯುತ್ತದೆ. ಕಟ್ಟೆಯ ನೀರು ಕೆಸರಾಗಿತ್ತು. ಕೆಂಪಿ ಈದಳು, ಮೂರು ದಿನಕ್ಕೆ ಕವಲಿ, ಮಾರನೆಯ ದಿನ ಮುದುಕಿ. ಮೂರು ಕರುವಿಗೂ ಗಿಡ್ಡ ಕಾಲು, ಮೂರಕ್ಕೂ ಭಾರಿ ಹಸಿವು. ಇಂಥ ಕುರೂಪದ ಕರುಗಳನ್ನು ಅಷ್ಟು ಪ್ರೀತಿಯಿಂದ ನೆಕ್ಕಿದ ಹಳ್ಳಿಕಾರ್ ಹಸುಗಳನ್ನು ನಾನು ಕಂಡಿಲ್ಲ. ಯಜಮಾನರು ಮಾತ್ರ ಬೆಳ್ಳಿಯ ಹತ್ತಿರದಿಂದ ಕದಲಲಿಲ್ಲ.

ಬೆಳ್ಳಿ ಒಂದು ದಿನ ಹಗಲೆಲ್ಲ ಕಷ್ಟಪಟ್ಟು ಇಳಿಹೊತ್ತಿಗೆ ಹೆಣ್ಣುಕರು ಹಾಕಿದಳು. ನಿಲ್ಲಲಾರದ ಕರು. ಬೆಳ್ಳಿಗೆ ಹಾಲು ಇಳಿಯಲಿಲ್ಲ. ಯಜಮಾನರು ಬಟ್ಟೆಯನ್ನು ಕೆಂಪಿಯ ಹಾಲಿನಲ್ಲಿ ಅದ್ದಿ ಬೆರಳಿನಿಂದ ಚೀಪಿಸಿದರು. ನಾನೂ ಚೀಪಿಸಿದೆ. ಪಟೇಲರ ತಾಯಿ ಬಂದು ಕೂತು ಚೀಪಿಸಿದರು. ಒಂಬತ್ತು ದಿನ ಹೀಗೆ ನಡೆಯಿತು. ಹತ್ತನೆಯ ಬೆಳಿಗ್ಗೆ ಗುದ್ದಲಿಯ ಸದ್ದಿಗೆ ಎದ್ದು ನೋಡಿದೆ. ಅವರು ಹೊಂಗೆಮರಗಳ ಕೆಳಗಿದ್ದರು. ಅಷ್ಟು ವರ್ಷದ ಮೇಲೆ ಅವರು ಆ ದಾರಿ ಹಿಡಿದದ್ದು ಅವತ್ತು. ಗುದ್ದಲಿ ಕೊಡಿ ಎಂದೆ. ಕೊಟ್ಟರು.

ಅವತ್ತು ಕಾಗದ ಬರೆಯುವ ದಿನ. ನಾನು ಹವೆಯ ಬಗ್ಗೆ ಬರೆದೆ, ಕಟ್ಟೆಯ ಬಗ್ಗೆ ಬರೆದೆ. ಅವರು ಎದುರಿಗೆ ಕೂತು, ಬರೆದದ್ದನ್ನು ಓದಿ ಎಂದರು. ಓದಿದೆ.

"ಕರು?" ಎಂದರು.

ಮುಂದಿನ ವಾರ ತಿಳಿಸೋಣ ಎಂದೆ.

"ಸತ್ತಿರೋದು ಈ ವಾರ," ಎಂದರು. "ಬರೀರಿ."

ಬಹಳ ವರ್ಷಗಳ ಮೇಲೆ ನರಸೀಪುರದ ಸಂಗಮದಲ್ಲಿ ಸ್ನಾನಕ್ಕೆ ಹೋದಾಗ ಅವರನ್ನು ಕಂಡೆ. ಕಣ್ಣು ಮಬ್ಬಾಗಿತ್ತು, ಧ್ವನಿಯಿಂದ ಗುರುತು ಹಿಡಿದರು. ಕ್ಷೇಮಸಮಾಚಾರವಿಲ್ಲ, ಏನಿಲ್ಲ, "ಓರಿ ಬಿಟ್ರಾ ಗುಮಾಸ್ತ್ರೇ?" ಎಂದರು. ಪಾಡ್ಯಮಿಗೆ ಸರಿಯಾಗಿ ಬಿಟ್ಟೆವು, ಬೆದೆಯ ಹಸುಗಳನ್ನು ಈಗ ನಾನೇ ನೋಡಿಕೊಳ್ಳುತ್ತೇನೆ ಎಂದೆ. ತಲೆಯಾಡಿಸಿ, ಹಿಂದೆ ಯಾರೋ ಬಂದಂತೆ ತಿರುಗಿ ನೋಡಿದರು. ಆ ಕಾಗದಕ್ಕೆ ಸೇರದೆ ಉಳಿದ, ಅವತ್ತಾದರೂ ಹೇಳಬೇಕಾಗಿದ್ದ ಮಾತೊಂದು ನನ್ನಲ್ಲಿತ್ತು. ನಾನು ಅವರಿಗೆ ಬೆಲ್ಲದ ಅಚ್ಚೊಂದನ್ನು ಕೊಟ್ಟು ಬಂದೆ.

ನಾಲ್ಕು ಕರುಗಳಲ್ಲಿ ಮೂರು ಉಳಿದವು. ನಾಲ್ಕನೆಯದರ ಸುದ್ದಿಯ ಕಾಗದ ಹೋದ ಮೇಲೆ, ಯುಗಾದಿಯ ಮಾರನೆಯ ದಿನ ಯಜಮಾನರೂ ಅವರ ಹೆಂಡತಿಯೂ ಹಟ್ಟಿ ಬಿಟ್ಟು ಮಗಳ ಮನೆಗೆ ಹೋದರು. ನಾನು ಆ ಕಾವಲಿನಲ್ಲಿ ಇನ್ನೂ ಹದಿನಾರು ವರ್ಷ ಕೆಲಸದಲ್ಲಿದ್ದೆ.